ಅಂಚೆಯಲ್ಲಿ ಬಂದ ಪದವಿ ಮತ್ತು ಅಕ್ಕನ ಎರಡು ವರ್ಷ

ಕೆಲವು ವಾರಗಳ ಹಿಂದೆ, ಒಂದು ಭಾನುವಾರ ಬೆಳಗ್ಗೆ, ಅಮೆರಿಕದ ನ್ಯೂಜೆರ್ಸಿಯಿಂದ ನನ್ನ ತಂಗಿಯ ಮೊಮ್ಮಗಳು ಫೋನು ಮಾಡಿದ್ದಳು. ಹದಿನೇಳರ ಹುಡುಗಿ, ಇನ್ನೂ ಹೈಸ್ಕೂಲು ಮುಗಿದಿಲ್ಲ. "ಅಜ್ಜ, ನಾನು ಕಾಲೇಜಿಗೆ ಕಾಲಿಡುವ ಮೊದಲೇ ನನಗೆ ಆರು ಕ್ರೆಡಿಟ್ ಬಂದಿದೆ" ಎಂದು ಸಂಭ್ರಮದಿಂದ ಹೇಳಿದಳು. ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳನ್ನು ಮನೆಯಲ್ಲಿಯೇ ಕುಳಿತು ಓದಿ, 'ಕ್ಲೆಪ್' ಎಂಬ ಪರೀಕ್ಷೆಯನ್ನು ಬರೆದಿದ್ದಾಳಂತೆ. ಒಂದೊಂದು ಪರೀಕ್ಷೆಗೂ ಸುಮಾರು ನೂರು ಡಾಲರ್ ಶುಲ್ಕ. ಅದೇ ವಿಷಯವನ್ನು ಕಾಲೇಜಿನ ತರಗತಿಯಲ್ಲಿ ಕುಳಿತು ಓದಿದ್ದರೆ ಅದರ ಹಲವು ಪಟ್ಟು ಹಣ ತೆರಬೇಕಿತ್ತು. ಅವಳ ತಂದೆಯ ಮುಖದಲ್ಲಿ ಮಗಳಿಗಿಂತ ಹೆಚ್ಚಿನ ಸಂತೋಷ ಕಾಣುತ್ತಿತ್ತು. ಅದು ಸಹಜವೇ. ಆ ದೇಶದ ವಿದ್ಯಾರ್ಥಿಗಳು ಓದಿಗೆಂದು ಮಾಡಿಕೊಂಡಿರುವ ಸಾಲದ ಮೊತ್ತ ಒಂದೂವರೆ ಲಕ್ಷ ಕೋಟಿ ಡಾಲರನ್ನೂ ಮೀರಿದೆ!

ಪಕ್ಕದಲ್ಲಿ ಕುಳಿತು ಅವರೆಕಾಳು ಸುಲಿಯುತ್ತಿದ್ದ ನನ್ನ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಫೋನು ಇಟ್ಟ ಮೇಲೆ, "ಅಂದರೆ ಅಲ್ಲಿ ಓದಿದ್ದು ಲೆಕ್ಕಕ್ಕೆ ಬರುತ್ತೆ ಅಂತಾಯಿತು" ಎಂದಳು. ನಾನು ಮಾತನಾಡಲಿಲ್ಲ. ಅವಳ ಮಾತಿನ ಹಿಂದೆ ಐವತ್ತು ವರ್ಷಗಳ ಕಥೆಯೊಂದಿದೆ. ಅದನ್ನು ಹೇಳುವ ಮೊದಲು ಸ್ವಲ್ಪ ಇತಿಹಾಸ ಹೇಳಬೇಕು. ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಮಾಡಿದವನು ನಾನು. ಓದುಗ ಮಿತ್ರರು ಈ ಚಟವನ್ನು ಕ್ಷಮಿಸಬೇಕು.

ಕಾಲೇಜಿನ ಮೆಟ್ಟಿಲು ಹತ್ತದೆಯೇ ಪದವಿ ಪಡೆಯಬಹುದೆಂಬ ವಿಚಾರ ಇಂದು ನಿನ್ನೆಯದಲ್ಲ. 1836ರಲ್ಲಿ ಸ್ಥಾಪನೆಯಾದ ಲಂಡನ್ ವಿಶ್ವವಿದ್ಯಾನಿಲಯ ತಾನೇ ಪಾಠ ಹೇಳುತ್ತಿರಲಿಲ್ಲ; ಪರೀಕ್ಷೆ ಮಾಡಿ ಪದವಿ ಕೊಡುತ್ತಿತ್ತು, ಅಷ್ಟೇ. ಮೊದಮೊದಲು ಗೊತ್ತುಪಡಿಸಿದ ಕಾಲೇಜುಗಳಲ್ಲಿ ಓದಿದವರಿಗೆ ಮಾತ್ರ ಪರೀಕ್ಷೆಗೆ ಪ್ರವೇಶವಿತ್ತು. 1858ರ ಹೊಸ ಸನ್ನದು ಆ ಬಾಗಿಲನ್ನು ತೆರೆಯಿತು. ವೈದ್ಯಕೀಯವನ್ನು ಬಿಟ್ಟು ಉಳಿದ ಪದವಿಗಳಿಗೆ ನೀನು ಎಲ್ಲಿ ಓದಿದೆ, ಯಾರ ಬಳಿ ಓದಿದೆ ಎಂದು ಕೇಳುವಂತಿಲ್ಲ. ಶುಲ್ಕ ಕಟ್ಟು, ಪರೀಕ್ಷೆಗೆ ಕೂರು, ತೇರ್ಗಡೆಯಾದರೆ ಪದವಿ ನಿನ್ನದು. ಹಗಲು ದುಡಿದು ರಾತ್ರಿ ಓದುವ ಗುಮಾಸ್ತರು, ಹಳ್ಳಿಯ ಉಪಾಧ್ಯಾಯರು ಈ ದಾರಿಯಲ್ಲಿ ನಡೆದು ಪದವೀಧರರಾದರು. 1865ರಲ್ಲಿ ಮಾರಿಷಸ್ ದ್ವೀಪದಲ್ಲಿಯೂ ಈ ಪರೀಕ್ಷೆ ನಡೆಯಿತು. 1878ರಲ್ಲಿ ಮಹಿಳೆಯರಿಗೂ ಪದವಿಯ ಹಕ್ಕು ದೊರೆಯಿತು.

ನಮ್ಮ ದೇಶದ ಮೊದಲ ಮೂರು ಆಧುನಿಕ ವಿಶ್ವವಿದ್ಯಾನಿಲಯಗಳು, ಅಂದರೆ ಕಲ್ಕತ್ತಾ, ಬೊಂಬಾಯಿ, ಮದರಾಸುಗಳವು, 1857ರಲ್ಲಿ ಹುಟ್ಟಿದ್ದು ಈ ಲಂಡನ್ನಿನ ಅಚ್ಚಿನಲ್ಲಿಯೇ. 1854ರ ವುಡ್ಸ್ ಡಿಸ್ಪ್ಯಾಚ್‌ನಲ್ಲಿಯೇ ಆ ಮಾದರಿಯನ್ನು ಸೂಚಿಸಲಾಗಿತ್ತು. ಇವೂ ಪರೀಕ್ಷೆ ನಡೆಸುವ ಸಂಸ್ಥೆಗಳೇ. ಆದರೆ ವಿಧಿಯಾಟ ನೋಡಿ: ಅಚ್ಚನ್ನು ಎರವಲು ತಂದ ಮರುವರ್ಷವೇ ಲಂಡನ್ನಿನವರು ತಮ್ಮ ಬಾಗಿಲನ್ನು ಎಲ್ಲರಿಗೂ ತೆರೆದುಬಿಟ್ಟರು, ನಾವು ಮಾತ್ರ ಹಳೆಯ ಅಚ್ಚನ್ನೇ ಹಿಡಿದುಕೊಂಡೆವು. ಕಾಲೇಜಿಗೆ ಸೇರಬೇಕು, ಹಾಜರಿ ಇರಬೇಕು, ಆಮೇಲೆ ಪರೀಕ್ಷೆ. ಬಾಗಿಲು ಮುಚ್ಚಿದವರನ್ನು ಬೈದು ಪ್ರಯೋಜನವಿಲ್ಲ. ಅಂದು ಕಾಲೇಜಿಗೆ ಬರುವವರೇ ಬೆರಳೆಣಿಕೆಯಷ್ಟು ಮಂದಿ.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ಬೋಧನೆಯನ್ನೂ ತನ್ನ ಕರ್ತವ್ಯವೆಂದು ಭಾವಿಸಿತು. ಅದರ ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುತ್ತಿದ್ದರು. ಆ ಪ್ರಚಾರೋಪನ್ಯಾಸಗಳ ಪುಟ್ಟ ಪುಸ್ತಿಕೆಗಳನ್ನು ನಾನು ಬಾಲ್ಯದಲ್ಲಿ ನಮ್ಮೂರಿನ ಶಾನುಭೋಗರ ಮನೆಯ ಅಟ್ಟದಲ್ಲಿ ಕಂಡಿದ್ದೇನೆ. ಕೆಲವು ಆಣೆಗಳಿಗೆ ಜ್ಞಾನ ಮನೆಯ ಬಾಗಿಲಿಗೆ ಬರುತ್ತಿತ್ತು. ಪದವಿ ಮಾತ್ರ ಬರುತ್ತಿರಲಿಲ್ಲ.

ಇರಲಿ, ಈಗ 'ಕ್ರೆಡಿಟ್' ಎಂಬುದರ ವಿಷಯಕ್ಕೆ ಬರುತ್ತೇನೆ. ಇದರ ಹುಟ್ಟು ತಿಳಿದಾಗ, ಪ್ರತಿ ತಿಂಗಳೂ ಪಿಂಚಣಿ ಎಣಿಸುವ ನನಗೆ ನಗು ತಡೆಯಲಾಗಲಿಲ್ಲ. ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಕಾಲೇಜು ಪ್ರಾಧ್ಯಾಪಕರು ಮುಪ್ಪಿನಲ್ಲಿ ಬಡತನದಿಂದ ನರಳುವುದನ್ನು ಕಂಡು, 1905ರಲ್ಲಿ ಅವರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ದಾನ ಕೊಟ್ಟ. ಯಾವ ಕಾಲೇಜಿನವರಿಗೆ ಪಿಂಚಣಿ ಕೊಡಬೇಕು? ಅಂದು ಅಲ್ಲಿ ಕಾಲೇಜು ಯಾವುದು, ಹೈಸ್ಕೂಲು ಯಾವುದು ಎಂಬುದಕ್ಕೇ ಸರಿಯಾದ ಗೆರೆಯಿರಲಿಲ್ಲ. ಆದ್ದರಿಂದ ಕಾರ್ನೆಗಿ ಪ್ರತಿಷ್ಠಾನ ಒಂದು ನಿಯಮ ಮಾಡಿತು: ಹೈಸ್ಕೂಲಿನಲ್ಲಿ ಹದಿನಾಲ್ಕು 'ಯೂನಿಟ್' ಓದಿದವರನ್ನು ಮಾತ್ರ ಸೇರಿಸಿಕೊಳ್ಳುವ ಸಂಸ್ಥೆಯೇ ಕಾಲೇಜು. ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಓದಿದರೆ ಒಂದು ಯೂನಿಟ್. ಪಿಂಚಣಿಯ ಆಸೆಗೆ ಕಾಲೇಜುಗಳು ಸಾಲುಗಟ್ಟಿ ಒಪ್ಪಿಕೊಂಡವು! ಇದೇ ಲೆಕ್ಕಾಚಾರ ಮುಂದೆ ಕಾಲೇಜಿನೊಳಕ್ಕೂ ಬಂದು 'ಕ್ರೆಡಿಟ್ ಅವರ್' ಆಯಿತು. ಇಂದು ಅಲ್ಲಿ ಸಾಮಾನ್ಯವಾಗಿ 120 ಕ್ರೆಡಿಟ್ ಕೂಡಿದರೆ ಒಂದು ಪದವಿ. ಹೀಗೆ ಮೇಷ್ಟ್ರುಗಳ ಪಿಂಚಣಿ ಅರ್ಜಿಯಿಂದ ಹುಟ್ಟಿದ ಅಳತೆಗೋಲು ಇಂದು ಜಗತ್ತಿನ ವಿದ್ಯಾರ್ಥಿಗಳನ್ನೆಲ್ಲ ಅಳೆಯುತ್ತಿದೆ.

ಗಂಟೆ ಎಣಿಸಿದ ಮಾತ್ರಕ್ಕೆ ವಿದ್ಯೆ ಬಂದೀತೆ ಎಂಬ ಆಕ್ಷೇಪ ಇದ್ದೇ ಇದೆ. ಕೊನೆಯ ಬೆಂಚಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ರಿಸುವ ಕಲೆಯನ್ನು ಸಾಧಿಸಿದ್ದ ಹುಡುಗರನ್ನು ನಾನು ಬಲ್ಲೆ. ಆದರೆ ಈ ಲೆಕ್ಕದಿಂದ ಒಂದು ದೊಡ್ಡ ಉಪಕಾರವಾಯಿತು. ಪದವಿ ಎಂಬ ಇಡಿಯ ಬಂಡೆ ಸಣ್ಣ ಸಣ್ಣ ಇಟ್ಟಿಗೆಗಳಾಗಿ ಒಡೆಯಿತು. ಇಟ್ಟಿಗೆಯನ್ನು ಒಂದೊಂದಾಗಿ ಕೂಡಿಡಬಹುದು, ಒಂದೂರಿನಿಂದ ಇನ್ನೊಂದೂರಿಗೆ ಒಯ್ಯಬಹುದು, ನಡುವೆ ಕೆಲಸ ನಿಲ್ಲಿಸಿ ಮತ್ತೆ ಆರಂಭಿಸಬಹುದು.

ಇದರ ಪ್ರಯೋಜನ ಸ್ಪಷ್ಟವಾಗಿ ಕಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಓದು ಬಿಟ್ಟು ಸೈನ್ಯ ಸೇರಿದ ಹುಡುಗರಿಗಾಗಿ 1942ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಅಂಚೆ ಮೂಲಕ ಪಾಠ ಕಳಿಸುವ ಸಂಸ್ಥೆಯೊಂದು ಹುಟ್ಟಿತು. ಯುದ್ಧ ಮುಗಿಸಿ ಬಂದವರು ರೇಡಿಯೋ ದುರಸ್ತಿ, ಯಂತ್ರ, ವಿದೇಶಿ ಭಾಷೆ ಹೀಗೆ ಏನೇನನ್ನೋ ಕಲಿತಿದ್ದರು. ಅದಕ್ಕೆ ಎಷ್ಟು ಕ್ರೆಡಿಟ್ ಕೊಡಬಹುದೆಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಎಂಬ ಸಂಸ್ಥೆ ಕಾಲೇಜುಗಳಿಗೆ ಶಿಫಾರಸು ಮಾಡತೊಡಗಿತು. 1967ರಲ್ಲಿ ಕಾಲೇಜ್ ಬೋರ್ಡಿನವರು 'ಕ್ಲೆಪ್' ಪರೀಕ್ಷೆಗಳನ್ನು ಆರಂಭಿಸಿದರು. 1970ರ ದಶಕದ ಆರಂಭದಲ್ಲಿ ಮೂರು ರಾಜ್ಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ನ್ಯೂಯಾರ್ಕಿನಲ್ಲಿ ರೀಜೆಂಟ್ಸ್ ಬಾಹ್ಯ ಪದವಿ (ಈಗ ಅದು ಎಕ್ಸೆಲ್ಸಿಯರ್ ವಿಶ್ವವಿದ್ಯಾನಿಲಯ), 1972ರಲ್ಲಿ ನ್ಯೂಜೆರ್ಸಿಯಲ್ಲಿ ಥಾಮಸ್ ಎಡಿಸನ್ ಕಾಲೇಜು, 1973ರಲ್ಲಿ ಕನೆಕ್ಟಿಕಟ್‌ನಲ್ಲಿ ಚಾರ್ಟರ್ ಓಕ್ ಕಾಲೇಜು. ಬೇರೆ ಬೇರೆ ಕಡೆ ಕೂಡಿಸಿದ ಕ್ರೆಡಿಟ್ಟುಗಳನ್ನು ಒಟ್ಟುಗೂಡಿಸಿ ಪದವಿ ಕೊಡುವುದೇ ಇವುಗಳ ಮುಖ್ಯ ಕಾರ್ಯವಾಗಿತ್ತು. ಶಾಲೆಯಲ್ಲಿ ಕೆಲವೇ ತಿಂಗಳು ಕುಳಿತ ಎಡಿಸನ್ನನ ಹೆಸರನ್ನು ಇಂಥದೊಂದು ಕಾಲೇಜಿಗೆ ಇಟ್ಟವರ ವಿವೇಕವನ್ನು ಮೆಚ್ಚಬೇಕು.

ನಾನು ಇದನ್ನೆಲ್ಲ ಹೊಗಳಿದೆನೆಂದು ಯಾರೂ ಅಮೆರಿಕದಲ್ಲಿ ವಿದ್ಯೆ ಅಗ್ಗವೆಂದು ತಿಳಿಯಬಾರದು. ಅಲ್ಲಿಯೂ ಒಂದು ಕಾಲೇಜು ಒಪ್ಪಿದ ಕ್ರೆಡಿಟ್ಟನ್ನು ಇನ್ನೊಂದು ಕಾಲೇಜು ಒಪ್ಪದಿರಬಹುದು. ಇಂತಿಷ್ಟನ್ನು ನಮ್ಮಲ್ಲೇ ಓದಬೇಕೆಂದು ಹಠ ಹಿಡಿಯುವವರಿದ್ದಾರೆ. ಪರೀಕ್ಷೆ ಬರೆಯುವ ಮೊದಲೇ ಸೇರಬೇಕೆಂದಿರುವ ಕಾಲೇಜಿನಲ್ಲಿ ಲಿಖಿತವಾಗಿ ಕೇಳಿಕೋ ಎಂದು ಮೊಮ್ಮಗಳಿಗೆ ನಾನೂ ಹೇಳಿದೆ. ಅವಳು ಆಗಲೇ ಕೇಳಿಯಾಗಿತ್ತು!

ಇನ್ನು ನಮ್ಮ ಕಡೆಯ ಕಥೆ. ಸ್ವಾತಂತ್ರ್ಯಾನಂತರ ಓದುವ ಆಸೆಯುಳ್ಳವರು ಹೆಚ್ಚಿದರು, ಕಾಲೇಜುಗಳು ಹೆಚ್ಚಲಿಲ್ಲ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣವನ್ನು ಆರಂಭಿಸಿತು. ಅಂದು ಕೇಂದ್ರದಲ್ಲಿ ಶಿಕ್ಷಣ ಸಚಿವರಾಗಿದ್ದ ಡಾ. ಕೆ. ಎಲ್. ಶ್ರೀಮಾಲಿಯವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದರು. 1969ರಲ್ಲಿ ಮೈಸೂರಿನಲ್ಲಿಯೂ ಅಂಚೆ ತೆರಪಿನ ಶಿಕ್ಷಣ ಸಂಸ್ಥೆ ಆರಂಭವಾಯಿತು. ನನ್ನಂಥವರ ಪಾಲಿಗೆ ಅದು ಗಂಗಾವತರಣವೇ ಸರಿ.

1973ರಲ್ಲಿ ನನ್ನ ತಂದೆಯವರು ತೀರಿಕೊಂಡಾಗ ನನಗೆ ಹದಿನಾಲ್ಕು ವರ್ಷ. ಅಕ್ಕ ಪಟ್ಟಣದ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದ ಪರೀಕ್ಷೆ ಬರೆದು ಊರಿಗೆ ಬಂದಿದ್ದಳು. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಅವಳ ವಿಷಯಗಳು. ಫಲಿತಾಂಶ ಬಂದಿತು, ತೇರ್ಗಡೆಯಾಗಿದ್ದಳು. ಮೂರನೆಯ ವರ್ಷಕ್ಕೆ ಹಿಂತಿರುಗಲಿಲ್ಲ. ಒಂದು ಹೊಲಿಗೆ ಯಂತ್ರ ಬಂದಿತು. ಊರಿನ ಹೆಂಗಸರ ರವಿಕೆ, ಮಕ್ಕಳ ಲಂಗ, ಶಾಲೆಯ ಚಡ್ಡಿಗಳನ್ನು ಹೊಲಿದು ಅವಳು ನನ್ನನ್ನು ಪಿ.ಯು.ಸಿ., ಟಿ.ಸಿ.ಎಚ್. ಓದಿಸಿದಳು, ತಂಗಿಯ ಮದುವೆ ಮಾಡಿದಳು. ತನ್ನ ಮದುವೆಯ ಮಾತು ಎರಡು ಮೂರು ಸಲ ಬಂದು ಹೋಯಿತು.

ನಮ್ಮ ಅಂದಿನ ಪದ್ಧತಿಯಲ್ಲಿ ಮೂರು ವರ್ಷ ಮುಗಿಸಿದರೆ ಪದವೀಧರೆ. ಎರಡು ವರ್ಷ ಮುಗಿಸಿ ಬಿಟ್ಟರೆ ಪಿ.ಯು.ಸಿ. ಮಾತ್ರ. ನಡುವಿನ ಎರಡು ವರ್ಷಗಳಿಗೆ ಹೆಸರೇ ಇಲ್ಲ. ಇದನ್ನು ಯಾರೂ ಅನ್ಯಾಯವೆಂದು ಭಾವಿಸಲೂ ಇಲ್ಲ.

1980ರಲ್ಲಿ ನನಗೆ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯನ ಕೆಲಸ ಸಿಕ್ಕಿತು. ಮರುವರ್ಷ ಮೈಸೂರಿಗೆ ಬಿ.ಎ. ಅಂಚೆ ಶಿಕ್ಷಣಕ್ಕೆ ಅರ್ಜಿ ಹಾಕಿದೆ. ಅರ್ಜಿಯನ್ನು ತುಂಬಿದವಳು ಅಕ್ಕ. ಅವಳ ಅಕ್ಷರ ನನ್ನದಕ್ಕಿಂತ ಚೆಂದ. ಪಾಠಗಳ ಕಟ್ಟು ಬರುವ ದಿನ ಅಂಚೆಯಣ್ಣ ಸೈಕಲ್ಲಿನ ಗಂಟೆಯನ್ನು ಸ್ವಲ್ಪ ಹೆಚ್ಚಾಗಿಯೇ ಬಾರಿಸುತ್ತಿದ್ದ. ಊರಿಗೆಲ್ಲ ತಿಳಿಯುತ್ತಿತ್ತು, ಮೇಷ್ಟ್ರಿಗೆ ಮೈಸೂರಿನಿಂದ ಪಾಠ ಬಂತೆಂದು. ಮಳೆಗಾಲದಲ್ಲಿ ಒದ್ದೆಯಾದ ಪುಸ್ತಿಕೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ ಒಣಗಿಸಿದ್ದುಂಟು. ಇಂದಿಗೂ ಫ್ರೆಂಚ್ ಮಹಾಕ್ರಾಂತಿ ಎಂದರೆ ನನ್ನ ಮೂಗಿಗೆ ಹೊಗೆಯ ವಾಸನೆ ಬರುತ್ತದೆ. ರಜೆಯಲ್ಲಿ ಸಂಪರ್ಕ ತರಗತಿಗಳಿಗೆ ಮೈಸೂರಿಗೆ ಹೋಗುತ್ತಿದ್ದೆ. ತರಗತಿಯಲ್ಲಿ ಬಸ್ ಕಂಡಕ್ಟರ್, ಪೊಲೀಸು, ಬ್ಯಾಂಕಿನ ಜವಾನ, ಎರಡು ಮಕ್ಕಳ ತಾಯಿ ಎಲ್ಲರೂ ಒಂದೇ ಬೆಂಚಿನವರು. ಅಷ್ಟು ಗಮನವಿಟ್ಟು ಪಾಠ ಕೇಳಿದ ತರಗತಿಯನ್ನು ನಾನು ನನ್ನ ಸೇವಾವಧಿಯಲ್ಲಿ ಮತ್ತೆ ನೋಡಲಿಲ್ಲ.

1984ರಲ್ಲಿ ಬಿ.ಎ. ಮುಗಿಯಿತು. ಆಮೇಲೆ ಬಿ.ಎಡ್., ಮುಂದೆ ಹೈಸ್ಕೂಲಿಗೆ ಬಡ್ತಿ. ಒಂದು ಸಂದರ್ಶನದಲ್ಲಿ ಹಿರಿಯರೊಬ್ಬರು ನನ್ನ ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಓಹೋ, ಸ್ಟಾಂಪ್ ಹಚ್ಚಿದ ಬಿ.ಎ.!" ಎಂದಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಇಂದಿಗೂ ನನಗೆ ಕಹಿ. ಅದೇ ವಿಶ್ವವಿದ್ಯಾನಿಲಯ ಕೊಟ್ಟ ಬಿ.ಎ. ಅಲ್ಲವೇ ಅದೂ ಎಂದು ಅಂದು ಹೇಳಬೇಕಿತ್ತು.

ಈ ನಡುವೆ ಜಗತ್ತು ಮುಂದೆ ಸಾಗುತ್ತಿತ್ತು. ಬ್ರಿಟನ್ನಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮತ್ತು ಗಣಿ ಕಾರ್ಮಿಕನ ಮಗಳಾದ ಸಚಿವೆ ಜೆನ್ನಿ ಲೀ ಅವರ ಛಲದಿಂದ 1969ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1971ರಲ್ಲಿ ಪಾಠಗಳು ಆರಂಭವಾದವು. ಯಾವ ಹಿಂದಿನ ಪ್ರಮಾಣಪತ್ರವೂ ಬೇಡ, ಬಂದು ಓದಿ ಎಂದ ಸಂಸ್ಥೆ ಅದು. ಭಾರತದಲ್ಲಿ ಮೊದಲ ಮುಕ್ತ ವಿಶ್ವವಿದ್ಯಾನಿಲಯ 1982ರಲ್ಲಿ ಆಂಧ್ರಪ್ರದೇಶದಲ್ಲಿ ಬಂದಿತು. ಈಗ ಅದಕ್ಕೆ ಡಾ. ಬಿ. ಆರ್. ಅಂಬೇಡ್ಕರರ ಹೆಸರಿದೆ. 1985ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೊ. ಈ ಎರಡಕ್ಕೂ ಮೊದಲ ಉಪಕುಲಪತಿಗಳು ಪ್ರೊ. ಜಿ. ರಾಮರೆಡ್ಡಿಯವರೇ. ಇಗ್ನೊ ಕ್ರೆಡಿಟ್ ಪದ್ಧತಿಯನ್ನು ಬಳಕೆಗೆ ತಂದಿತು: ಮೂವತ್ತು ಗಂಟೆಗಳ ಅಧ್ಯಯನಕ್ಕೆ ಒಂದು ಕ್ರೆಡಿಟ್. ಗಮನಿಸಿ, ತರಗತಿಯಲ್ಲಿ ಕುಳಿತ ಗಂಟೆಯಲ್ಲ, ವಿದ್ಯಾರ್ಥಿ ಓದಿದ ಗಂಟೆ. ಮೈಸೂರಿನ ನಮ್ಮ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಆ ಸಮಯದಲ್ಲಿ ನಾನು ಅಕ್ಕನಿಗೊಂದು ಅರ್ಜಿ ತಂದುಕೊಟ್ಟೆ. ಅವಳಿಗಾಗ ನಲವತ್ತನಾಲ್ಕು. ಯಾವ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ ಕೇಳಿ ಬಾ ಎಂದಳು. ಕಚೇರಿಯೊಂದಕ್ಕೆ ಹೋಗಿ ಅವಳ ಎರಡೂ ಅಂಕಪಟ್ಟಿಗಳನ್ನು ತೋರಿಸಿದೆ. ಅಲ್ಲಿನವರು ಅವನ್ನು ಪೂರ್ತಿ ಬಿಡಿಸಿಯೂ ನೋಡದೆ, "ಮೊದಲ ವರ್ಷದಿಂದ" ಎಂದರು. ನಾನು ವಾದಿಸಲಿಲ್ಲ, ನಿಯಮವೆಂದರೆ ನಿಯಮ ಎಂದು ಬೆಳೆದವನು. ಅಕ್ಕ ಅರ್ಜಿಯನ್ನು ಮಡಿಸಿ, "ಪಾಸಾದ ಪರೀಕ್ಷೆಗೆ ಮತ್ತೆ ಕೂತರೆ ಸರಸ್ವತಿಗೂ ಬೇಜಾರಾಗುತ್ತೆ ಮೇಷ್ಟ್ರೇ" ಎಂದಳು. ಸಿಟ್ಟು ಬಂದಾಗಲೆಲ್ಲ ಅವಳು ನನ್ನನ್ನು ಹಾಗೆ ಕರೆಯುತ್ತಾಳೆ.

ದೂರಶಿಕ್ಷಣದ ಚರಿತ್ರೆಯಲ್ಲಿ ಕಹಿ ಪುಟಗಳೂ ಇವೆ. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು ಯು.ಜಿ.ಸಿ. 2015ರಲ್ಲಿ ಪ್ರಕಟಿಸಿದಾಗ, ಕರ್ನಾಟಕದ ಮುಕ್ತ ವಿಶ್ವವಿದ್ಯಾನಿಲಯವನ್ನು ನಂಬಿದ ಅಸಂಖ್ಯ ವಿದ್ಯಾರ್ಥಿಗಳು ನಡುನೀರಿನಲ್ಲಿ ನಿಂತರು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಆ ಮೂರು ವರ್ಷಗಳ ತಳಮಳವನ್ನು ಇಂದೂ ಹೇಳುತ್ತಿರುತ್ತಾನೆ. ಆದ್ದರಿಂದ ಯಾವುದೇ ಕೋರ್ಸಿಗೆ ಹಣ ಕಟ್ಟುವ ಮೊದಲು ಆ ವರ್ಷದ ಮಾನ್ಯತೆಯನ್ನು ಯು.ಜಿ.ಸಿ.ಯ ಪಟ್ಟಿಯಲ್ಲಿಯೇ ನೋಡಿಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಏಜೆಂಟರ ಬಾಯಿಮಾತು ಬೇಡ.

2017ರಲ್ಲಿ 'ಸ್ವಯಂ' ಎಂಬ ಅಂತರ್ಜಾಲ ತಾಣ ಬಂದಿತು. ಪಾಠಗಳು ಉಚಿತ, ಪ್ರಮಾಣಪತ್ರ ಬೇಕಾದವರು ಪರೀಕ್ಷೆಗೆ ಮಾತ್ರ ಶುಲ್ಕ ಕಟ್ಟಬೇಕು. 2016ರ ನಿಯಮದಂತೆ ಕಾಲೇಜುಗಳು ಶೇಕಡ 20ರಷ್ಟು ಕ್ರೆಡಿಟ್ಟನ್ನು ಹೀಗೆ ಒಪ್ಪಬಹುದಾಗಿತ್ತು. 2021ರಲ್ಲಿ ಆ ಮಿತಿಯನ್ನು ಶೇಕಡ 40ಕ್ಕೆ ಏರಿಸಿದರು. ಅದೇ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಸ್ಥಾಪನೆಯ ನಿಯಮಗಳು ಹೊರಬಂದವು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಅವನ ಖಾತೆಯಲ್ಲಿ ಜಮೆಯಾಗಿರುತ್ತದೆ, ಓದು ಬಿಟ್ಟು ಹೋದರೂ ಅಳಿಯುವುದಿಲ್ಲ. ಹೊಸ ಶಿಕ್ಷಣ ನೀತಿಯಲ್ಲಿ ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ ಎಂಬ ಏರ್ಪಾಡೂ ಇತ್ತು. 2024ರಲ್ಲಿ ಕರ್ನಾಟಕ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ನೀತಿಯ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ 'ಎರಡು ವರ್ಷಕ್ಕೆ ಡಿಪ್ಲೊಮಾ' ಎಂಬ ಸಾಲನ್ನು ಮೊದಲ ಬಾರಿ ಪತ್ರಿಕೆಯಲ್ಲಿ ಓದಿದ ದಿನ ನಾನು ಆ ಪುಟವನ್ನು ಅಕ್ಕನ ಕಣ್ಣಿಗೆ ಬೀಳದಂತೆ ಮಡಿಸಿಟ್ಟದ್ದು ನಿಜ.

ಮೊಮ್ಮಗಳ ಫೋನು ಬಂದ ಆ ಸಂಜೆ ಅಕ್ಕ ತನ್ನ ಟ್ರಂಕನ್ನು ತೆರೆದು ಅಂಕಪಟ್ಟಿಗಳನ್ನು ಹೊರತೆಗೆದಳು. ಮಡಿಕೆಯ ಗೆರೆಗಳಲ್ಲಿ ಕಾಗದ ಸೀಳಿದೆ. "ನಿಮ್ಮ ಆ ಬ್ಯಾಂಕಿನಲ್ಲಿ ಇದನ್ನು ಕಟ್ಟಿಸಿಕೊಳ್ಳುತ್ತಾರೇನು ನೋಡು" ಎಂದಳು. ಎಲ್ಲವೂ ಅವಳಿಗೆ ತಿಳಿದಿತ್ತು! ಕಂಪ್ಯೂಟರಿನ ಮುಂದೆ ಕುಳಿತು ನಿಯಮಗಳನ್ನು ಓದಿ ಹೇಳಿದೆ: 2021-22 ಅಥವಾ ಅದರ ನಂತರ ಓದಿದ್ದಕ್ಕೆ ಮಾತ್ರ ಅನ್ವಯ, ಜಮೆಯಾದ ಕ್ರೆಡಿಟ್ಟಿನ ಆಯುಷ್ಯ ಹೆಚ್ಚೆಂದರೆ ಏಳು ವರ್ಷ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿ, "ನಲವತ್ತೆಂಟು ವರ್ಷ ತಡ" ಎಂದಳು.

ಮುಂದಿನ ಭಾನುವಾರ ಮೊಮ್ಮಗಳಿಗೆ ವಿಷಯವನ್ನೆಲ್ಲ ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಸಮಾಜಶಾಸ್ತ್ರಕ್ಕೆ ಅಭ್ಯಾಸ ಮಾಡಲು ಬರೆದುಕೊಂಡಿದ್ದ ಇಪ್ಪತ್ತು ಪ್ರಶ್ನೆಗಳನ್ನು ಕಳಿಸಿದಳು. ನಾನು ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿದೆ, ಅಕ್ಕ ಹೊಲಿಗೆ ಯಂತ್ರದ ಮೇಲೆ ಮೊಣಕೈ ಊರಿ ಉತ್ತರ ಹೇಳಿದಳು. ಹದಿಮೂರು ಸರಿ ಇದ್ದವು. ಉತ್ತರ ಗುರುತು ಹಾಕಿದ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳು ಟ್ರಂಕಿನಲ್ಲಿ, ಆ ಎರಡು ಅಂಕಪಟ್ಟಿಗಳ ಜೊತೆಗೆ ಇಟ್ಟಳು. ಉಳಿದ ಏಳರ ಸರಿಯುತ್ತರವೇನೆಂದು ಇಂದು ಬೆಳಗ್ಗೆ ಕಾಫಿಯ ಹೊತ್ತಿಗೆ ಮತ್ತೆ ಕೇಳಿದ್ದಾಳೆ.